ಯಾರನ್ನು ಒಳಗೆ ಸೇರಿಸೋದು, ಯಾರನ್ನು ಹೊರಗೆ ಕಳಿಸೋದು

ಜೈಲಿನಿಂದ ಬಿಡುಗಡೆಯಾದವರು ನೇರವಾಗಿ ಮನೆಗೆ ಹೋಗದೆ ಕೆಲವು ತಿಂಗಳು ಉಳಿದುಕೊಳ್ಳುವ ಕೇಂದ್ರವೊಂದನ್ನು ನಾನು ನಡೆಸುತ್ತೇನೆ. ಹಾಫ್‌ವೇ ಹೌಸ್ ಅಂತಾರಲ್ಲ, ಅದೇ. ಇಲ್ಲಿದ್ದುಕೊಂಡು ಕುಡಿತಕ್ಕೋ ಡ್ರಗ್ಸ್ ಚಟಕ್ಕೋ ಚಿಕಿತ್ಸೆ ತೆಗೆದುಕೊಳ್ಳುತ್ತಾರೆ, ಹಗಲು ಕೆಲಸಕ್ಕೆ ಹೋಗುತ್ತಾರೆ, ಸಂಜೆ ಹೇಳಿದ ಹೊತ್ತಿಗೆ ವಾಪಸ್ ಬಂದು ಸಹಿ ಹಾಕುತ್ತಾರೆ. ಇಂಥ ಕೆಲಸ ಮಾಡುತ್ತೇನೆ ಅಂದ ಕೂಡಲೇ ಜನ ಎರಡು ಪ್ರಶ್ನೆ ಕೇಳುತ್ತಾರೆ. ಭಯ ಆಗಲ್ವಾ? ಅವರೆಲ್ಲ ನಿಜವಾಗ್ಲೂ ಬದಲಾಗ್ತಾರಾ?

ಮೊದಲನೆಯದಕ್ಕೆ ಉತ್ತರ ಸುಲಭ. ಭಯಪಡೋಕೆ ಪುರುಸೊತ್ತೇ ಇಲ್ಲ, ಈ ಕೆಲಸದಲ್ಲಿ ಅರ್ಧಕ್ಕರ್ಧ ಕಾಗದಪತ್ರ. ಎರಡನೆಯದಕ್ಕೆ ಮಾತ್ರ ನಾನು ತಿರುಗಿ ಕೇಳುತ್ತೇನೆ, ಯಾರ ಬಗ್ಗೆ ಕೇಳ್ತಿದ್ದೀರಿ ಅಂತ. ಯಾಕಂದ್ರೆ ಇಂಥ ಕೇಂದ್ರಗಳಿಂದ ಕೆಲವರಿಗೆ ತುಂಬ ಒಳ್ಳೆಯದಾಗುತ್ತದೆ. ಇನ್ನು ಕೆಲವರು ಇಲ್ಲಿಗೆ ಬಂದೇ ಕೆಡುತ್ತಾರೆ. ಯಾರಿಗೆ ಒಳ್ಳೆಯದು, ಯಾರಿಗೆ ಕೆಟ್ಟದ್ದು ಅನ್ನೋದು ಸಾಮಾನ್ಯವಾಗಿ ನಾವು ಅಂದುಕೊಂಡದ್ದಕ್ಕೆ ಉಲ್ಟಾ ಇರುತ್ತದೆ.

2002ರಲ್ಲಿ ಅಮೆರಿಕದ ಒಹಾಯೋ ರಾಜ್ಯದಲ್ಲಿ ಇದರ ಬಗ್ಗೆ ಒಂದು ದೊಡ್ಡ ಅಧ್ಯಯನ ಹೊರಬಂತು. ಸಿನ್ಸಿನಾಟಿ ವಿಶ್ವವಿದ್ಯಾಲಯದ ಎಡ್ವರ್ಡ್ ಲಟೆಸಾ ಮತ್ತು ಕ್ರಿಸ್ಟೋಫರ್ ಲೋವೆನ್‌ಕ್ಯಾಂಪ್ ಆ ರಾಜ್ಯದ ಹಾಫ್‌ವೇ ಹೌಸ್‌ಗಳನ್ನೂ ಅದೇ ಥರದ ಬೇರೆ ವಸತಿ ಕೇಂದ್ರಗಳನ್ನೂ ಒಂದೊಂದಾಗಿ ತೆಗೆದುಕೊಂಡು, ಅಲ್ಲಿ ಇದ್ದುಹೋದ ಸಾವಿರಾರು ಜನರನ್ನು ಹಾಗೆ ಎಲ್ಲೂ ಇರದೆ ಹೋದ ಅಂಥದೇ ಜನರ ಜೊತೆ ಹೋಲಿಸಿ ನೋಡಿದರು. ಮತ್ತೆ ಅಪರಾಧ ಮಾಡುವ ಸಾಧ್ಯತೆ ಹೆಚ್ಚಿದ್ದವರ ಮಟ್ಟಿಗೆ ಹೆಚ್ಚಿನ ಕೇಂದ್ರಗಳು ಆ ಸಾಧ್ಯತೆಯನ್ನು ಇಳಿಸಿದ್ದವು. ಸಾಧ್ಯತೆ ಕಡಿಮೆ ಇದ್ದವರ ಮಟ್ಟಿಗೆ ಹೆಚ್ಚಿನ ಕೇಂದ್ರಗಳು ಅದನ್ನು ಏರಿಸಿದ್ದವು. ಅದೇ ಕಟ್ಟಡ, ಅದೇ ಸಿಬ್ಬಂದಿ, ಅದೇ ತರಗತಿಗಳು. ಒಬ್ಬನಿಗೆ ಮದ್ದು, ಇನ್ನೊಬ್ಬನಿಗೆ ವಿಷ.

ಯಾಕೆ ಹೀಗೆ ಅಂತ ಸ್ವಲ್ಪ ಯೋಚಿಸಿದರೆ ಗೊತ್ತಾಗುತ್ತದೆ. ಒಬ್ಬ ಮನುಷ್ಯ ಕುಡಿದು ಗಾಡಿ ಓಡಿಸಿಯೋ, ಯಾವುದೋ ಸಿಟ್ಟಿನಲ್ಲಿ ಕೈ ಎತ್ತಿಯೋ ಜೈಲಿಗೆ ಹೋಗಿದ್ದಾನೆ ಅಂದುಕೊಳ್ಳಿ. ಅವನಿಗೆ ಹೊರಗೆ ಹೆಂಡತಿ ಇದ್ದಾಳೆ, ಕೆಲಸ ಕಾದಿಟ್ಟಿರುವ ಯಜಮಾನ ಇದ್ದಾನೆ, ಕಾಯ್ದೆ ಕಾನೂನಿಗೆ ಹೆದರುವ ಗೆಳೆಯರು ಇದ್ದಾರೆ. ಅವನನ್ನು ತಪ್ಪು ದಾರಿಗೆ ಹೋಗದಂತೆ ಹಿಡಿದಿಟ್ಟಿರುವುದು ಇವೇ. ಅವನನ್ನು ಆರು ತಿಂಗಳು ನನ್ನ ಕೇಂದ್ರದಲ್ಲಿ ಕೂಡಿಹಾಕಿದರೆ ಇವಿಷ್ಟರಿಂದಲೂ ಅವನನ್ನು ದೂರ ಮಾಡಿದ ಹಾಗಾಯಿತು. ಅದರ ಬದಲಿಗೆ ಸಿಗುವುದೇನು? ಪಕ್ಕದ ಹಾಸಿಗೆಯಲ್ಲಿ ಹದಿನಾರನೇ ವಯಸ್ಸಿನಿಂದ ಕಳ್ಳತನ ಮಾಡಿಕೊಂಡು ಬಂದ, ಮಾತಿನಲ್ಲಿ ಬಹಳ ಚುರುಕಾದ ಇನ್ನೊಬ್ಬ. ರಾತ್ರಿ ದೀಪ ಆರಿದ ಮೇಲೆ ಅಲ್ಲಿ ನಡೆಯುವ ಪಾಠ ನನ್ನ ತರಗತಿಗಿಂತ ಚೆನ್ನಾಗಿ ತಲೆಗೆ ಹೋಗುತ್ತದೆ.

ಆದರೂ ಅರ್ಜಿಗಳನ್ನು ಮುಂದಿಟ್ಟುಕೊಂಡು ಕೂತಾಗ ಕೈ ಹೋಗೋದು ಆ ಮೊದಲನೆಯವನ ಕಡತದ ಕಡೆಗೇ. ನನ್ನದು ಮಾತ್ರವಲ್ಲ, ಎಲ್ಲರದ್ದೂ. ಒಳ್ಳೆ ಮಾತಾಡುತ್ತಾನೆ, ಓದು ಬರಹ ಇದೆ, ಜೈಲಿನಲ್ಲಿ ನಡವಳಿಕೆ ಸರಿಯಾಗಿತ್ತು ಅಂತ ಟಿಪ್ಪಣಿ ಇದೆ. ಸಿಬ್ಬಂದಿಗೆ ತಲೆನೋವಿಲ್ಲ, ಅಕ್ಕಪಕ್ಕದವರಿಂದ ದೂರು ಬರಲ್ಲ, ವರ್ಷದ ಕೊನೆಯ ವರದಿ ಚೆನ್ನಾಗಿ ಕಾಣುತ್ತದೆ. ಹಣ ಕೊಡುವ ಇಲಾಖೆಗೂ ಅವನೇ ಇಷ್ಟ. "ಇವನಿಗೊಂದು ಅವಕಾಶ ಕೊಡಬೇಕು, ಪಾಪ" ಅಂತ ಎಲ್ಲರೂ ತಲೆಯಾಡಿಸುತ್ತಾರೆ. ಕಷ್ಟದ ಮನುಷ್ಯನ ಕಡತ ಬಂದಾಗ ಇದೇ ಜನ ಹೇಳುವುದು, "ಇವನು ನಮ್ಮ ಕಾರ್ಯಕ್ರಮಕ್ಕೆ ಇನ್ನೂ ಸಿದ್ಧ ಇಲ್ಲ." ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಸಿದ್ಧ ಆಗಿದ್ದರೆ ಇಲ್ಲಿಗೆ ಯಾಕೆ ಬರುತ್ತಿದ್ದ?

ಕೆನಡಾದ ಡಾನ್ ಆಂಡ್ರ್ಯೂಸ್, ಜೇಮ್ಸ್ ಬಾಂಟಾ ಮತ್ತು ರಾಬರ್ಟ್ ಹೋಜ್ ಎಂಬ ಮನಃಶಾಸ್ತ್ರಜ್ಞರು 1990ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ಅವರ ಮಾತನ್ನು ಸರಳ ಮಾಡಿ ಹೇಳಿದರೆ ಇಷ್ಟು. ಜಾಸ್ತಿ ಅಪಾಯ ಇರುವವರಿಗೆ, ಅಂದರೆ ಮತ್ತೆ ಅಪರಾಧ ಮಾಡುವ ಸಾಧ್ಯತೆ ಹೆಚ್ಚಿರುವವರಿಗೆ, ಜಾಸ್ತಿ ಗಮನ ಕೊಡಿ. ಅಪರಾಧಕ್ಕೆ ನೇರವಾಗಿ ತಳ್ಳುವ ವಿಷಯಗಳ ಮೇಲೆ ಕೆಲಸ ಮಾಡಿ, ಉಳಿದದ್ದರ ಮೇಲೆ ಅಲ್ಲ. ಮತ್ತು ಎದುರಿಗಿರುವವನಿಗೆ ಹಿಡಿಸುವ ರೀತಿಯಲ್ಲಿ ಮಾಡಿ. ತಳ್ಳುವ ವಿಷಯಗಳು ಯಾವುವು ಅಂದರೆ ಹಳೆಯ ಅಪರಾಧಗಳ ಚರಿತ್ರೆ, ಯೋಚನೆಯ ರೀತಿ, ದುಡುಕು ಸ್ವಭಾವ, ಗೆಳೆಯರು, ಕುಟುಂಬ, ಓದು ಮತ್ತು ಕೆಲಸ, ಬಿಡುವಿನ ಹೊತ್ತನ್ನು ಕಳೆಯುವ ಬಗೆ, ಕುಡಿತ ಮತ್ತು ಡ್ರಗ್ಸ್. ಆತ್ಮವಿಶ್ವಾಸ ಕಡಿಮೆ ಇರೋದು ಇದರಲ್ಲಿ ಮುಖ್ಯವಾದದ್ದಲ್ಲ ಅನ್ನುವುದನ್ನು ನೋಡಿ. ಆತ್ಮವಿಶ್ವಾಸ ಬೆಳೆಸುವ ಶಿಬಿರ ಮಾಡ್ತೀವಿ ಅಂತ ನನ್ನ ಹತ್ತಿರ ಬರುವ ಉತ್ಸಾಹಿಗಳು ಬಹಳ. ಕಳ್ಳನ ಯೋಚನೆ ಹಾಗೇ ಇಟ್ಟು ಆತ್ಮವಿಶ್ವಾಸ ಮಾತ್ರ ಬೆಳೆಸಿದರೆ ಆತ್ಮವಿಶ್ವಾಸ ಇರುವ ಕಳ್ಳ ಸಿಗುತ್ತಾನೆ, ಅಷ್ಟೇ.

ಅಪಾಯ ಅಂದಾಗ ಇನ್ನೊಂದು ಗೊಂದಲ ಇದೆ. ದೊಡ್ಡ ಅಪರಾಧ ಮಾಡಿದವನೇ ದೊಡ್ಡ ಅಪಾಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಪ್ಪತ್ತರ ವಯಸ್ಸಿನಲ್ಲಿ ಕೊಲೆ ಮಾಡಿ, ಈಗ ತಲೆ ನರೆತು ಹೊರಬಂದ ಮನುಷ್ಯ ಮತ್ತೆ ಜೈಲಿಗೆ ಹೋಗುವ ಸಾಧ್ಯತೆ ಬಹಳ ಸಲ ತೀರಾ ಕಡಿಮೆ. ಸೈಕಲ್, ಮೊಬೈಲ್, ಅಂಗಡಿಯ ಗಲ್ಲಾ ಅಂತ ಚಿಲ್ಲರೆ ಕಳ್ಳತನ ಮಾಡಿಕೊಂಡು ಒಳಗೆ ಹೊರಗೆ ಓಡಾಡುವ ಇಪ್ಪತ್ತೆರಡರ ಹುಡುಗನದು ಬಹಳ ಜಾಸ್ತಿ. ಪತ್ರಿಕೆಯವರು ಬಂದರೆ ಮೊದಲನೆಯವನ ಬಗ್ಗೆಯೇ ಬರೆಯುತ್ತಾರೆ. ನನ್ನ ಹಾಸಿಗೆ ಬೇಕಾಗಿರುವುದು ಎರಡನೆಯವನಿಗೆ. ಅಕ್ಕಪಕ್ಕದವರ ಸಭೆಯಲ್ಲಿ ಇದನ್ನು ವಿವರಿಸಲು ಹೋದಾಗಲೆಲ್ಲ, "ಅಂದ್ರೆ ಬೇಕು ಅಂತಲೇ ಕೆಟ್ಟವರನ್ನ ಆರಿಸಿ ತರ್ತೀರಾ?" ಅಂತ ಯಾರಾದರೂ ಎದ್ದು ನಿಲ್ಲುತ್ತಾರೆ. ಹೌದು ಅಂತಲೇ ಹೇಳುತ್ತೇನೆ. ಅವನು ಹೇಗೂ ಜೈಲಿನಿಂದ ಹೊರಗೆ ಬರುತ್ತಾನೆ. ನಿಮ್ಮ ಬೀದಿಯಲ್ಲಿ ಅವನು ಯಾರ ಲೆಕ್ಕಕ್ಕೂ ಸಿಗದೆ ಓಡಾಡಬೇಕಾ, ಇಲ್ಲಿ ಸಂಜೆ ಸಹಿ ಹಾಕಿ ಮಲಗಬೇಕಾ? ಆ ಸಭೆಯಲ್ಲಿ ಚಪ್ಪಾಳೆ ಏನೂ ಬರಲ್ಲ.

ಸೇರಿಸಿಕೊಂಡ ಮೇಲೆ ಮೊದಲ ಎರಡು ವಾರ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಇಲ್ಲಿ ಜೀವವೇ ಹೋಗುತ್ತದೆ.

ಇಂಗ್ರಿಡ್ ಬಿನ್ಸ್‌ವಾಂಗರ್ ಎಂಬ ವೈದ್ಯೆ ಮತ್ತು ಅವರ ಜೊತೆಗಾರರು ಅಮೆರಿಕದ ವಾಷಿಂಗ್ಟನ್ ರಾಜ್ಯದ ಜೈಲುಗಳಿಂದ ಬಿಡುಗಡೆಯಾದ 30,237 ಜನರ ಲೆಕ್ಕ ತೆಗೆದು 2007ರಲ್ಲಿ ಪ್ರಕಟಿಸಿದರು. ಬಿಡುಗಡೆಯಾದ ಮೊದಲ ಎರಡು ವಾರಗಳಲ್ಲಿ ಅವರು ಸಾಯುವ ಅಪಾಯ ಆ ರಾಜ್ಯದ ಉಳಿದ ಜನರಿಗಿಂತ 12.7 ಪಟ್ಟು ಹೆಚ್ಚಿತ್ತು. ಡ್ರಗ್ಸ್ ಮಿತಿಮೀರಿ ಸಾಯುವುದನ್ನು ಮಾತ್ರ ತೆಗೆದುಕೊಂಡರೆ 129 ಪಟ್ಟು. ಕಾರಣ ಕ್ರೂರವಾಗಿ ಸರಳ. ಒಳಗಿದ್ದಷ್ಟು ದಿನ ಹೆರಾಯಿನ್ ಸಿಕ್ಕಿರುವುದಿಲ್ಲ, ಅಥವಾ ಬಹಳ ಕಡಿಮೆ ಸಿಕ್ಕಿರುತ್ತದೆ. ದೇಹ ಹಳೆಯ ಪ್ರಮಾಣವನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಮನಸ್ಸು ಮಾತ್ರ ಹಳೆಯ ಪ್ರಮಾಣವನ್ನೇ ನೆನಪಿಟ್ಟುಕೊಂಡಿರುತ್ತದೆ. ಹೊರಗೆ ಬಂದ ದಿನ, ಖುಷಿಗೋ ದುಃಖಕ್ಕೋ, ಮೊದಲು ತೆಗೆದುಕೊಳ್ಳುತ್ತಿದ್ದಷ್ಟೇ ತೆಗೆದುಕೊಂಡು ಉಸಿರು ನಿಲ್ಲಿಸುತ್ತಾರೆ.

ಹಾಗಾಗಿ ಹೊಸಬರು ಬಂದ ದಿನ ನಿಯಮಗಳ ಪಟ್ಟಿ ಓದಿಸಿ, ಹತ್ತು ಕಡೆ ಸಹಿ ಹಾಕಿಸಿ, ಇಡೀ ಮಧ್ಯಾಹ್ನ ಅದರಲ್ಲೇ ಕಳೆಯುವ ಪದ್ಧತಿ ನನಗೆ ಸರಿ ಕಾಣಲ್ಲ. ಮೊದಲ ಕೆಲಸ ವೈದ್ಯರನ್ನು ನೋಡುವುದು. ಯಾವ ಔಷಧಿ ನಡೆಯುತ್ತಿತ್ತು, ಜೈಲಿನವರು ಎಷ್ಟು ದಿನದ ಮಾತ್ರೆ ಕೊಟ್ಟು ಕಳಿಸಿದ್ದಾರೆ, ಅದು ಯಾವತ್ತು ಮುಗಿಯುತ್ತದೆ, ಇಷ್ಟು ಮೊದಲು ಗೊತ್ತಾಗಬೇಕು. ಮಾನಸಿಕ ಕಾಯಿಲೆಯ ಮಾತ್ರೆ ಇದ್ದಕ್ಕಿದ್ದಂತೆ ನಿಂತುಹೋಗಿ, ಮೂರನೇ ದಿನ ಮನುಷ್ಯ ಯಾರ ಜೊತೆಗೋ ಜಗಳಕ್ಕೆ ನಿಂತರೆ ಅದನ್ನು ಅಶಿಸ್ತು ಅಂತ ಬರೆದುಕೊಳ್ಳುವ ಕೇಂದ್ರಗಳಿವೆ. ನಲಾಕ್ಸೋನ್ ಎಂಬ ಔಷಧಿ ಇದೆ, ಮೂಗಿಗೆ ಸಿಂಪಡಿಸುವಂಥದ್ದು. ಹೆರಾಯಿನ್ ಜಾಸ್ತಿಯಾಗಿ ಉಸಿರು ನಿಲ್ಲುವ ಹಂತದಲ್ಲಿದ್ದವರನ್ನು ಅದು ಎಬ್ಬಿಸುತ್ತದೆ. ಅದು ಪ್ರತಿ ಮಹಡಿಯಲ್ಲೂ ಇರಬೇಕು, ಬೀಗ ಹಾಕಿದ ಕಪಾಟಿನಲ್ಲಿ ಅಲ್ಲ, ಕೈಗೆ ಸಿಗುವ ಹಾಗೆ. ರಾತ್ರಿ ಪಾಳಿಯವರಿಗೆ ಅದನ್ನು ಬಳಸೋದು ಗೊತ್ತಿರಬೇಕು.

ಇದಕ್ಕಿಂತ ದೊಡ್ಡ ಜಗಳ ಮೆಥಡೋನ್, ಬ್ಯೂಪ್ರೆನಾರ್ಫಿನ್ ಥರದ ಔಷಧಿಗಳದ್ದು. ಇವೂ ಅಫೀಮಿನ ಜಾತಿಯವೇ, ಆದರೆ ವೈದ್ಯರು ಅಳೆದು ಕೊಡುವಂಥವು. ಹೆರಾಯಿನ್‌ನ ಹಂಬಲವನ್ನು ಅವು ಅಡಗಿಸುತ್ತವೆ. ನನ್ನ ಸಿಬ್ಬಂದಿಯಲ್ಲಿ ಹಲವರು ತಾವೇ ಒಂದು ಕಾಲದಲ್ಲಿ ಚಟಕ್ಕೆ ಬಿದ್ದು ಎದ್ದವರು. ಈ ಕೆಲಸಕ್ಕೆ ಅವರಷ್ಟು ಒಳ್ಳೆಯವರು ಸಿಗುವುದಿಲ್ಲ. ಹೊಸಬ ಸುಳ್ಳು ಹೇಳಲು ಬಾಯಿ ತೆರೆಯುವ ಮೊದಲೇ ಅವರಿಗೆ ಗೊತ್ತಾಗಿರುತ್ತದೆ. ಆದರೆ ಈ ಒಂದು ವಿಷಯದಲ್ಲಿ ಅವರ ಜೊತೆ ವಾದ ಮಾಡಿ ಮಾಡಿ ನನ್ನ ಗಂಟಲು ಒಣಗಿದೆ. "ಸರ್, ನಾನು ಯಾವ ಮಾತ್ರೆನೂ ಇಲ್ದೆ ಬಿಟ್ಟೆ. ಒಂದು ಡ್ರಗ್ ಬಿಡಿಸಿ ಇನ್ನೊಂದು ಕೊಡೋದು ಯಾವ ಚಿಕಿತ್ಸೆ?" ಅವರ ಮಾತಿನಲ್ಲಿ ಪ್ರಾಮಾಣಿಕತೆ ಇದೆ, ಪಟ್ಟ ಪಾಡಿನ ಹೆಮ್ಮೆ ಇದೆ. ಆದರೆ ಮಾತ್ರೆ ಇಲ್ಲದೆ ಬಿಡಲು ಹೋಗಿ ಸತ್ತವರು ಈ ಮಾತಿಗೆ ಉತ್ತರ ಕೊಡೋಕೆ ಬರಲ್ಲ ಅಲ್ವಾ?

ರೋಡ್ ಐಲೆಂಡ್ ಅಮೆರಿಕದ ಅತಿ ಸಣ್ಣ ರಾಜ್ಯ. 2016ರಲ್ಲಿ ಅದು ತನ್ನ ಜೈಲುಗಳಲ್ಲಿ ಈ ಔಷಧಿಗಳನ್ನು ಬೇಕಾದವರಿಗೆ ಕೊಡಲು ಶುರುಮಾಡಿತು, ಬಿಡುಗಡೆಯಾದ ಮೇಲೂ ಮುಂದುವರಿಯುವಂತೆ ಹೊರಗಿನ ಚಿಕಿತ್ಸಾ ಕೇಂದ್ರಗಳ ಜೊತೆ ಏರ್ಪಾಡು ಮಾಡಿತು. 2016ರ ಮೊದಲ ಆರು ತಿಂಗಳಲ್ಲಿ ಆ ರಾಜ್ಯದಲ್ಲಿ ಡ್ರಗ್ಸ್ ಮಿತಿಮೀರಿ ಸತ್ತವರಲ್ಲಿ 26 ಜನ ಇತ್ತೀಚೆಗೆ ಜೈಲಿನಿಂದ ಹೊರಬಂದವರು. 2017ರ ಮೊದಲ ಆರು ತಿಂಗಳಲ್ಲಿ ಅಂಥವರು 9 ಜನ. ಸಂಖ್ಯೆ ಚಿಕ್ಕದು, ಆದರೆ ಹದಿನೇಳು ಜನ. ಈ ಲೆಕ್ಕವನ್ನು ಸಿಬ್ಬಂದಿ ಸಭೆಯಲ್ಲಿ ಓದಿ ಹೇಳಿದ ಮೇಲೂ ಎಲ್ಲರೂ ಒಪ್ಪಿಕೊಳ್ಳಲಿಲ್ಲ. ಒಪ್ಪಬೇಕು ಅಂತ ನಾನು ಹಠ ಹಿಡಿಯಲಿಲ್ಲ. ವೈದ್ಯರು ಬರೆದುಕೊಟ್ಟ ಔಷಧಿಗೆ ಅಡ್ಡ ಬರಬಾರದು, ಅದನ್ನು ತೆಗೆದುಕೊಳ್ಳುವವರನ್ನು ಅರ್ಧ ಗುಣವಾದವರು ಅಂತ ಹಂಗಿಸಬಾರದು, ಅಷ್ಟು ಮಾತ್ರ ಆದೇಶ. ಮನಸ್ಸಿನಲ್ಲಿ ಏನಿದೆ ಅನ್ನೋದು ಅವರವರದು.

ಹಂಗಿಸುವುದು ಅಂದಾಗ ಒಂದು ಹಳೆಯ ಕಥೆ ಹೇಳಬೇಕು. ಈ ಕ್ಷೇತ್ರದಲ್ಲಿ ಮುಖ್ಯಸ್ಥರ ಕುರ್ಚಿಯಲ್ಲಿ ಕೂರುವವರೆಲ್ಲ ತಿಳಿದಿರಬೇಕಾದ ಕಥೆ ಅದು. ಚಾರ್ಲ್ಸ್ ಡೆಡರಿಕ್ ಎಂಬಾತ, ತಾನೂ ಕುಡಿತ ಬಿಟ್ಟವನು, 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿನಾನನ್ ಅಂತ ಒಂದು ಸಮುದಾಯ ಶುರುಮಾಡಿದ. ಚಟ ಇರುವವರು ಒಟ್ಟಿಗೆ ಬದುಕಿ ಒಬ್ಬರನ್ನೊಬ್ಬರು ತಿದ್ದುವ ಜಾಗ. ಹೆರಾಯಿನ್ ಚಟ ಬಿಡಿಸೋಕೆ ಆಗಲ್ಲ ಅಂತ ವೈದ್ಯರೇ ಕೈಚೆಲ್ಲಿದ್ದ ಕಾಲ ಅದು, ಇವನು ಬಿಡಿಸಿ ತೋರಿಸಿದ. ನ್ಯಾಯಾಧೀಶರು ಜೈಲಿನ ಬದಲು ಅಲ್ಲಿಗೆ ಜನರನ್ನು ಕಳಿಸತೊಡಗಿದರು. ಇವತ್ತಿನ ವಸತಿ ಚಿಕಿತ್ಸಾ ಕೇಂದ್ರಗಳಲ್ಲಿ ಬಹಳಷ್ಟಕ್ಕೆ ಮೂಲ ಅಲ್ಲೇ ಇದೆ. ಅಲ್ಲಿ 'ಆಟ' ಅಂತ ಒಂದಿತ್ತು. ಸುತ್ತ ಕೂತು ಒಬ್ಬರ ಮೇಲೆ ಉಳಿದವರೆಲ್ಲ ಕೂಗಾಡುವುದು, ಬೈಯುವುದು, ಅವನ ಸುಳ್ಳುಗಳನ್ನೆಲ್ಲ ಕಿತ್ತು ಹಾಕುವುದು. ಪ್ರಾಮಾಣಿಕತೆಗೆ ಅಂತ ಶುರುವಾದದ್ದು ನಿಧಾನಕ್ಕೆ ಹಿಡಿತದ ಸಾಧನವಾಯಿತು. ಕೊನೆಗೆ ಅದು ಡೆಡರಿಕ್‌ನ ಮಾತೇ ವೇದವಾಗಿರುವ ಪಂಥವಾಯಿತು. 1978ರಲ್ಲಿ, ಸಿನಾನನ್ ವಿರುದ್ಧ ಮೊಕದ್ದಮೆ ಗೆದ್ದಿದ್ದ ವಕೀಲರೊಬ್ಬರ ಅಂಚೆ ಪೆಟ್ಟಿಗೆಯಲ್ಲಿ ಅದರ ಸದಸ್ಯರು ಜೀವಂತ ವಿಷಸರ್ಪ ಇಟ್ಟರು. ಬುಡುಬುಡಿಕೆ ಹಾವು, ಶಬ್ದ ಮಾಡದಿರಲಿ ಅಂತ ಬಾಲದ ಗಿಲಕಿ ತೆಗೆದಿದ್ದರು. ವಕೀಲರಿಗೆ ಕಚ್ಚಿತು, ಬದುಕಿಕೊಂಡರು.

ಹಾವಿನ ತನಕ ಎಲ್ಲ ಕೇಂದ್ರಗಳೂ ಹೋಗುವುದಿಲ್ಲ, ಸರಿ. ಆದರೆ ಅದರ ಮೊದಲ ಮೆಟ್ಟಿಲು ಎಲ್ಲ ಕಡೆ ಇದೆ. ಇಲ್ಲಿರುವವನು ಮತ್ತೆ ಜೈಲಿಗೆ ಹೋಗಬೇಕಾ ಬೇಡವಾ ಅನ್ನೋದು ನನ್ನ ಒಂದು ಪತ್ರದ ಮೇಲೆ ನಿಂತಿದೆ. ಮಗಳನ್ನು ನೋಡಲು ಭಾನುವಾರ ಪಾಸ್ ಸಿಗುತ್ತದೋ ಇಲ್ಲವೋ ಅನ್ನುವುದು ನನ್ನ ಸಿಬ್ಬಂದಿಯ ಕೈಯಲ್ಲಿದೆ. ಇಷ್ಟು ಅಧಿಕಾರ ಇರುವ ಜಾಗದಲ್ಲಿ 'ಒಳ್ಳೆಯದಕ್ಕೇ ಬೈದದ್ದು' ಅನ್ನುವ ಮಾತು ಅಪಾಯಕಾರಿ. ಅದಕ್ಕೇ ಮುಖ್ಯಸ್ಥರ ವಿರುದ್ಧ ದೂರು ಕೊಡುವ ದಾರಿ ಮುಖ್ಯಸ್ಥರ ಕೋಣೆಯ ಮೂಲಕ ಹೋಗಬಾರದು. ಹೊರಗಿನವರೊಬ್ಬರ ಫೋನ್ ನಂಬರ್ ಗೋಡೆಯ ಮೇಲೆ ಇರಬೇಕು, ಆ ಫೋನ್ ಹತ್ತಿರ ಕ್ಯಾಮೆರಾ ಇರಬಾರದು.

ಅದೇ ಕ್ಯಾಲಿಫೋರ್ನಿಯಾದಲ್ಲಿ, 1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾದ ಡೆಲಾನ್ಸಿ ಸ್ಟ್ರೀಟ್ ಫೌಂಡೇಶನ್ ಬೇರೆ ದಾರಿ ಹಿಡಿಯಿತು. ಶುರುಮಾಡಿದ್ದು ಜಾನ್ ಮಾಹರ್, ಆಮೇಲೆ ದಶಕಗಳ ಕಾಲ ನಡೆಸಿದ್ದು ಮಿಮಿ ಸಿಲ್ಬರ್ಟ್. ಅಲ್ಲಿ ಕಡಿಮೆ ಅಂದರೂ ಎರಡು ವರ್ಷ ಇರಬೇಕು. ಸಂಬಳದ ಕಾವಲುಗಾರರಿಲ್ಲ, ಸಂಬಳದ ಚಿಕಿತ್ಸಕರಿಲ್ಲ. ಮೊದಲು ಬಂದವನು ಆಮೇಲೆ ಬಂದವನಿಗೆ ಕಲಿಸಬೇಕು, ತನಗೆ ಗೊತ್ತಿರೋದು ಸ್ವಲ್ಪವೇ ಆದರೂ. ಹೋಟೆಲು, ಮನೆ ಸಾಮಾನು ಸಾಗಿಸುವ ಕಂಪನಿ ಎಲ್ಲ ಅವರೇ ನಡೆಸಿಕೊಂಡು ಬಂದರು, ತಮ್ಮ ಕಟ್ಟಡದ ಕೆಲಸವನ್ನೂ ಅವರೇ ಮಾಡಿಕೊಂಡರು. ಆ ಮಾದರಿಯನ್ನು ಹಾಗೇ ಎತ್ತಿಕೊಂಡು ಬರೋಕೆ ಆಗಲ್ಲ, ನನ್ನ ಕೇಂದ್ರದಲ್ಲಿ ಜನ ಇರೋದೇ ಕೆಲವು ತಿಂಗಳು. ನಾನು ಅಲ್ಲಿಂದ ತೆಗೆದುಕೊಂಡದ್ದು ಒಂದೇ. ಇಲ್ಲಿಗೆ ಬಂದವನಿಗೆ ಆದಷ್ಟು ಬೇಗ ಬೇರೊಬ್ಬನ ಜವಾಬ್ದಾರಿ ಕೊಡುವುದು. ಅಡುಗೆ ಮನೆಯ ಪಾಳಿ ಹಂಚುವುದು, ಹೊಸಬನನ್ನು ಗುರುತಿನ ಚೀಟಿ ಮಾಡಿಸಲು ಕಚೇರಿಗೆ ಕರೆದುಕೊಂಡು ಹೋಗುವುದು, ಓದು ಬರದವನಿಗೆ ಅರ್ಜಿ ತುಂಬಿಕೊಡುವುದು. ವರ್ಷಗಟ್ಟಲೆ ಬರೀ ಕಾಯಲ್ಪಟ್ಟ ಮನುಷ್ಯನಿಗೆ ಯಾರನ್ನೋ ಕಾಯುವ ಕೆಲಸ ಬಂದಾಗ ಬೆನ್ನು ಸ್ವಲ್ಪ ನೆಟ್ಟಗಾಗುತ್ತದೆ. ಇದು ಎಲ್ಲರಲ್ಲೂ ಆಗುತ್ತದೆ ಅಂತ ಹೇಳಲ್ಲ. ಕೆಲವರು ಸಿಕ್ಕಿದ ಅಧಿಕಾರವನ್ನು ಹೊಸಬರಿಂದ ಸಿಗರೇಟು ವಸೂಲಿ ಮಾಡೋಕೆ ಬಳಸುತ್ತಾರೆ. ಅದಕ್ಕೆ ಕಣ್ಣಿಟ್ಟಿರಬೇಕು.

ಈಗ ಹೊರಗೆ ಕಳಿಸುವ ವಿಷಯಕ್ಕೆ ಬರುತ್ತೇನೆ.

ಮೂತ್ರ ಪರೀಕ್ಷೆಯಲ್ಲಿ ಡ್ರಗ್ಸ್ ಸಿಕ್ಕಿತು ಅಂದರೆ ಅವತ್ತೇ ಗಂಟುಮೂಟೆ ಕಟ್ಟಿಸುವ ಕೇಂದ್ರಗಳು ಬೇಕಾದಷ್ಟಿವೆ. ನಿಯಮ ಅಂದರೆ ನಿಯಮ ಅನ್ನುವವರು. ಕೆಮ್ಮು ಬಂತು ಅಂತ ಕ್ಷಯದ ಆಸ್ಪತ್ರೆಯಿಂದ ರೋಗಿಯನ್ನು ಓಡಿಸಿದ ಹಾಗೆ ಇದು. ಚಟ ಬಿಡುವ ದಾರಿಯಲ್ಲಿ ಮತ್ತೆ ಜಾರುವವರೇ ಜಾಸ್ತಿ. ಜಾರಿದ ದಿನವೇ ಚಿಕಿತ್ಸೆ ನಿಲ್ಲಿಸಿ ರಸ್ತೆಗೆ ಬಿಟ್ಟರೆ ಮೇಲೆ ಹೇಳಿದ ಆ 129 ಪಟ್ಟಿನ ಲೆಕ್ಕಕ್ಕೆ ಅವನನ್ನು ನಾವೇ ನೂಕಿದಂತೆ.

ಹಾಗಂತ ಏನೂ ಆಗಿಲ್ಲ ಅನ್ನುವ ಹಾಗೆ ಸುಮ್ನೆ ಇರೋಕೂ ಆಗಲ್ಲ. ಉಳಿದವರೆಲ್ಲ ನೋಡುತ್ತಿರುತ್ತಾರೆ. ನಾನು ಗೆರೆ ಎಳೆದಿರುವುದು ಹೀಗೆ. ತಾನು ತೆಗೆದುಕೊಂಡ ಅಂದರೆ ಉಳಿಯುತ್ತಾನೆ, ಆದರೆ ಅದೇ ದಿನ ಪರಿಣಾಮ ಇರುತ್ತದೆ. ಪಾಸ್ ಹೋಗುತ್ತದೆ, ಪರೀಕ್ಷೆ ಹೆಚ್ಚಾಗುತ್ತದೆ, ವೈದ್ಯರ ಹತ್ತಿರ ಮತ್ತೆ ಕೂರಬೇಕು, ಎಲ್ಲಿ ಯಾರ ಜೊತೆ ಏನಾಯಿತು ಅಂತ ಹಿಂದಿನ ಎರಡು ದಿನದ ಪ್ರತಿ ಗಂಟೆಯನ್ನೂ ಬರೆಯಬೇಕು. ಪರಿಣಾಮ ಸಣ್ಣದಿರಲಿ, ಆದರೆ ತಡವಾಗಬಾರದು, ಮತ್ತು ಒಬ್ಬನಿಗೊಂದು ಇನ್ನೊಬ್ಬನಿಗೊಂದು ಆಗಬಾರದು. ಒಳಗೆ ತಂದು ಬೇರೆಯವರಿಗೆ ಮಾರಿದ ಅಂದರೆ ಅವತ್ತೇ ಹೊರಗೆ. ಹೊಡೆದ ಅಂದರೆ ಹೊರಗೆ. ಹೆದರಿಸಿ ಲೈಂಗಿಕ ಹಿಂಸೆ ಕೊಟ್ಟ ಅಂದರೆ ಹೊರಗೆ, ಜೊತೆಗೆ ಪೊಲೀಸರಿಗೆ ದೂರು. ಅವನಿಗೆ ಚಿಕಿತ್ಸೆ ಬೇಕಿಲ್ಲ ಅಂತಲ್ಲ. ಉಳಿದವರು ಅವನ ಪಕ್ಕ ಮಲಗಬೇಕಲ್ಲ.

ಕಾಗದದ ಮೇಲೆ ಈ ಗೆರೆ ಚೆನ್ನಾಗಿ ಕಾಣುತ್ತದೆ. ನಿಜದಲ್ಲಿ, ಒಬ್ಬ ಹುಡುಗ ತಾನೂ ತೆಗೆದುಕೊಂಡು ಜೊತೆಯವನಿಗೂ ಸ್ವಲ್ಪ ಕೊಟ್ಟಿದ್ದಾನೆ, ದುಡ್ಡು ತೆಗೆದುಕೊಂಡಿಲ್ಲ. ಇದು ಮಾರಿದ್ದಾ, ಹಂಚಿಕೊಂಡದ್ದಾ? ಸಿಬ್ಬಂದಿಯಲ್ಲಿ ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ. ರಾತ್ರಿ ಹತ್ತು ಗಂಟೆಗೆ ಫೋನಿನಲ್ಲಿ ನಿರ್ಧಾರ ಕೇಳುತ್ತಾರೆ. ಅಂಥ ಹೊತ್ತಿನಲ್ಲಿ ನಾನು ಇಟ್ಟುಕೊಂಡಿರುವ ಪದ್ಧತಿ ಅಂದರೆ ಮುಖ ನೋಡದೆ ರಾತ್ರಿ ಯಾರನ್ನೂ ಹೊರಗೆ ಹಾಕದಿರುವುದು. ಅವನನ್ನು ಬೇರೆ ಕೋಣೆಯಲ್ಲಿ ಮಲಗಿಸಿ, ಗಂಟೆಗೊಮ್ಮೆ ಉಸಿರಾಟ ನೋಡಿ, ಬೆಳಿಗ್ಗೆ ಮಾತಾಡೋಣ. ಆ ಹುಡುಗನನ್ನು ಕೊನೆಗೆ ಉಳಿಸಿಕೊಂಡೆ. ಅವನಿಂದ ತೆಗೆದುಕೊಂಡವನು ಎರಡು ವಾರದ ಮೇಲೆ ಒಂದು ಸಂಜೆ ವಾಪಸ್ ಬರಲೇ ಇಲ್ಲ, ಆಮೇಲೆ ಅವನ ಮೇಲೆ ವಾರಂಟ್ ಬಂತು. ಉಳಿಸಿಕೊಂಡ ನಿರ್ಧಾರ ಸರಿ ಅಂತಲೇ ನಾನು ಈಗಲೂ ಹೇಳುತ್ತೇನೆ. ಒಪ್ಪದ ಸಿಬ್ಬಂದಿ ಈಗಲೂ ಒಪ್ಪಿಲ್ಲ, ಅವರ ವಾದವೂ ಪೊಳ್ಳಲ್ಲ.

ಶಿಕ್ಷೆಯ ಬಗ್ಗೆ ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು. ತಪ್ಪು ಹಿಡಿಯೋದಕ್ಕೆ ನಮ್ಮಲ್ಲಿ ಫಾರಂಗಳು ಎಷ್ಟು ಥರ ಇವೆ ಅಂದರೆ ಅದಕ್ಕೇ ಒಂದು ಕಪಾಟು ಬೇಕು. ಸರಿಯಾಗಿ ಮಾಡಿದ್ದನ್ನು ಬರೆದುಕೊಳ್ಳೋಕೆ ಒಂದೂ ಇರಲಿಲ್ಲ. ಒಂದು ಶಿಕ್ಷೆಗೆ ನಾಲ್ಕಾದರೂ ಮೆಚ್ಚುಗೆ ಇರಲಿ ಅಂತ ಈ ಕ್ಷೇತ್ರದ ತಜ್ಞರು ಹೇಳಿಕೊಂಡು ಬಂದಿದ್ದಾರೆ. ರಾತ್ರಿ ಪಾಳಿಯ ಹಿರಿಯರೊಬ್ಬರು ಇದನ್ನು ಕೇಳಿ ನಕ್ಕರು. "ಟೈಮಿಗೆ ಬಂದ ಅಂತ ಹೊಗಳ್ಬೇಕಾ? ಟೈಮಿಗೆ ಬರೋದು ಅವನ ಕರ್ತವ್ಯ." ನಿಜವೇ. ಆದರೆ ಯಾರ ಬದುಕಿನಲ್ಲಿ ಟೈಮಿಗೆ ಬಂದದ್ದು ಯಾವತ್ತೂ ಲೆಕ್ಕಕ್ಕೇ ಬಂದಿಲ್ಲವೋ ಅವನು ಟೈಮಿಗೆ ಯಾಕೆ ಬರಬೇಕು? ಆ ಹಿರಿಯರೇ ಈಗ ಬಾಗಿಲಲ್ಲಿ ನಿಂತು ಹೆಸರು ಹಿಡಿದು "ಇವತ್ತು ಐದು ನಿಮಿಷ ಮುಂಚೆ" ಅನ್ನುತ್ತಾರೆ. ನಗುತ್ತಲೇ ಅನ್ನುತ್ತಾರೆ.

ಕೆಲಸ ಹುಡುಕುವ ಭಾಗ ಬಹಳ ಜನ ಬರೆದಿರುವ ವಿಷಯ, ಬೇಗ ದಾಟುತ್ತೇನೆ. ಡೇವಾ ಪೇಜರ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಮಿಲ್ವಾಕಿ ನಗರದಲ್ಲಿ ಒಂದೇ ಥರದ ಯೋಗ್ಯತೆ ಇರುವ ಹುಡುಗರನ್ನು ಕೆಲಸ ಕೇಳಲು ಕಳಿಸಿದ ಅಧ್ಯಯನ 2003ರಲ್ಲಿ ಬಂತು. ಬಿಳಿಯರಲ್ಲಿ ಜೈಲಿಗೆ ಹೋಗಿಲ್ಲ ಅಂದವರಿಗೆ 34 ಪ್ರತಿಶತ ಕಡೆಯಿಂದ ವಾಪಸ್ ಕರೆ ಬಂತು, ಹೋಗಿಬಂದೆ ಅಂದವರಿಗೆ 17. ಕರಿಯರಲ್ಲಿ ಅದು 14 ಮತ್ತು 5. ಜೈಲು ಕಾಣದ ಕರಿಯ ಹುಡುಗನಿಗಿಂತ ಜೈಲು ಕಂಡ ಬಿಳಿ ಹುಡುಗನಿಗೆ ಹೆಚ್ಚು ಕರೆ. ಎಲ್ಲ ಸಮಾಜದಲ್ಲೂ ಈ ಲೆಕ್ಕಕ್ಕೆ ಅದರದೇ ಒಂದು ರೂಪ ಇರುತ್ತದೆ ಅಂತ ನನ್ನ ಅನಿಸಿಕೆ. ಹಾಗಾಗಿ ಸಂದರ್ಶನದಲ್ಲಿ ಹೇಗೆ ಕೂರಬೇಕು ಅಂತ ಕಲಿಸುವ ತರಗತಿಗಿಂತ, ಹಿಂದೆ ನಮ್ಮವರಿಗೆ ಕೆಲಸ ಕೊಟ್ಟ ಮಾಲೀಕನಿಗೆ ನಾನು ಮಾಡುವ ಒಂದು ಫೋನ್ ಹೆಚ್ಚು ಕೆಲಸ ಮಾಡುತ್ತದೆ.

ಕೊನೆಗೆ ಲೆಕ್ಕ ಕೇಳುವವರು. ಎಷ್ಟು ಜನ ಸುಧಾರಿಸಿದರು, ಪ್ರತಿಶತ ಹೇಳಿ. 1974ರಲ್ಲಿ ರಾಬರ್ಟ್ ಮಾರ್ಟಿನ್‌ಸನ್ ಎಂಬ ಸಮಾಜಶಾಸ್ತ್ರಜ್ಞ 231 ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕೆಲವು ಬಿಡಿ ಉದಾಹರಣೆಗಳನ್ನು ಬಿಟ್ಟರೆ ಕೈದಿಗಳನ್ನು ಸುಧಾರಿಸುವ ಪ್ರಯತ್ನಗಳಿಂದ ದೊಡ್ಡ ಪರಿಣಾಮ ಏನೂ ಕಾಣುತ್ತಿಲ್ಲ ಅಂತ ಬರೆದ. ಆ ಲೇಖನ 'ಯಾವುದೂ ಫಲ ಕೊಡಲ್ಲ' ಅನ್ನುವ ಘೋಷಣೆಯಾಗಿ ಅಮೆರಿಕದ ರಾಜಕೀಯದಲ್ಲೆಲ್ಲ ಹರಡಿತು. 1979ರಲ್ಲಿ ಅವನೇ ಇನ್ನೊಂದು ಲೇಖನ ಬರೆದು, ಕೆಲವು ಕಾರ್ಯಕ್ರಮಗಳು ಫಲ ಕೊಡುತ್ತವೆ, ಎಲ್ಲಿ ಹೇಗೆ ಕೊಡುತ್ತಾರೆ ಅನ್ನೋದರ ಮೇಲೆ ನಿಂತಿದೆ ಅಂತ ಹಿಂದಿನ ಮಾತನ್ನು ತಿದ್ದಿಕೊಂಡ. ಅಷ್ಟು ಹೊತ್ತಿಗೆ ಅದನ್ನು ಕೇಳುವವರು ಇರಲಿಲ್ಲ. ಒಂದೇ ಸಾಲಿನ ಉತ್ತರ ಕೇಳುವವರಿಗೆ ಯಾವಾಗಲೂ ಮೊದಲನೆಯ ಲೇಖನವೇ ಇಷ್ಟ.

ಅಮೆರಿಕದ ನ್ಯಾಯ ಇಲಾಖೆ 2005ರಲ್ಲಿ 30 ರಾಜ್ಯಗಳ ಜೈಲುಗಳಿಂದ ಬಿಡುಗಡೆಯಾದವರನ್ನು ಹಿಂಬಾಲಿಸಿ ನೋಡಿದಾಗ ಮೂರು ವರ್ಷದೊಳಗೆ ಸುಮಾರು ಮೂರರಲ್ಲಿ ಇಬ್ಬರು ಮತ್ತೆ ಬಂಧನಕ್ಕೆ ಒಳಗಾಗಿದ್ದರು, ಐದು ವರ್ಷದೊಳಗೆ ನಾಲ್ಕರಲ್ಲಿ ಮೂವರು. ಹಾಗಿರುವಾಗ ನನ್ನ ಕೇಂದ್ರದಿಂದ ಹೋದವರಲ್ಲಿ ಇಷ್ಟು ಪ್ರತಿಶತ ವಾಪಸ್ ಜೈಲಿಗೆ ಹೋಗಲಿಲ್ಲ ಅಂತ ಹೇಳಿದರೆ ಅದಕ್ಕೆ ಅರ್ಥ ಏನು? ಸುಲಭದವರನ್ನು ಮಾತ್ರ ತುಂಬಿಸಿಕೊಂಡರೆ ತೊಂಬತ್ತು ಪ್ರತಿಶತ ತೋರಿಸಬಹುದು, ಅವರು ಇಲ್ಲಿಗೆ ಬರದೇ ಇದ್ದಿದ್ದರೂ ಅಷ್ಟೇ ಇರುತ್ತಿತ್ತು, ಬಹುಶಃ ಇನ್ನೂ ಚೆನ್ನಾಗಿರುತ್ತಿತ್ತು. ಕಷ್ಟದವರನ್ನು ಸೇರಿಸಿಕೊಂಡರೆ ಅರ್ಧಕ್ಕರ್ಧ ಜನ ಮತ್ತೆ ಸಿಕ್ಕಿಬೀಳುತ್ತಾರೆ, ವರದಿ ನೋಡಿದವರು ಮುಖ ಸಿಂಡರಿಸುತ್ತಾರೆ. ಆದರೆ ಅಂಥವರೇ ಇಲ್ಲಿಗೆ ಬರದೆ ಎಷ್ಟು ಜನ ಸಿಕ್ಕಿಬೀಳುತ್ತಿದ್ದರು ಅಂತ ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ನಾವು ಮಾಡಿದ ಕೆಲಸ ಕಾಣುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ನನ್ನ ಮುಂದೆ ಇರುವ ತೊಡಕು ಅಂದರೆ ದುಡ್ಡು. ಇಲಾಖೆ ಕೊಡುವುದು ತುಂಬಿದ ಹಾಸಿಗೆಯ ಲೆಕ್ಕದಲ್ಲಿ, ದಿನಕ್ಕೆ ಇಷ್ಟು ಅಂತ. ಖಾಲಿ ಹಾಸಿಗೆಗೆ ದುಡ್ಡಿಲ್ಲ, ಆದರೆ ರಾತ್ರಿ ಪಾಳಿಯವರ ಸಂಬಳಕ್ಕೆ ಹಾಸಿಗೆ ಖಾಲಿಯೋ ತುಂಬಿದೆಯೋ ಅನ್ನುವ ಭೇದ ಇಲ್ಲ. ಕಷ್ಟದವನೊಬ್ಬನಿಗೆ ಎರಡು ಪಟ್ಟು ಸಿಬ್ಬಂದಿ ಬೇಕು, ಸಿಗುವ ದುಡ್ಡು ಸುಲಭದವನಿಗೆ ಸಿಗುವಷ್ಟೇ. ತಿಂಗಳ ಕೊನೆಯಲ್ಲಿ ನಾಲ್ಕು ಹಾಸಿಗೆ ಖಾಲಿ ಇದ್ದಾಗ, ಮನೆ ಮಠ ಕೆಲಸ ಎಲ್ಲ ಇರುವ ಆ ಒಳ್ಳೆ ಮಾತಿನ ಮನುಷ್ಯನ ಕಡತವನ್ನು ಲೆಕ್ಕಪತ್ರದವರು ಮತ್ತೆ ನನ್ನ ಮೇಜಿನ ಮೇಲೆ ತಂದಿಡುತ್ತಾರೆ. ಅಪಾಯದ ಮಟ್ಟಕ್ಕೆ ತಕ್ಕಂತೆ ದರ ಬೇರೆ ಬೇರೆ ಇರಲಿ, ಕಡಿಮೆ ಅಪಾಯದವರನ್ನು ನೇರವಾಗಿ ಮನೆಗೆ ಕಳಿಸಿ ಅವರ ಹತ್ತಿರ ವಾರಕ್ಕೊಮ್ಮೆ ಹೋಗಿ ಬರುವುದಕ್ಕೂ ದುಡ್ಡು ಸಿಗಲಿ ಅಂತ ಬರೆದುಕೊಟ್ಟಿದ್ದೇನೆ. ಪರಿಶೀಲನೆಯಲ್ಲಿದೆ ಅಂದಿದ್ದಾರೆ. ಆ ಮನುಷ್ಯನ ಕಡತವನ್ನು ಈ ವಾರವೂ ವಾಪಸ್ ಕಳಿಸಿದ್ದೇನೆ, ಇವನು ಮನೆಗೆ ಹೋಗಲಿ ಅಂತ ಬರೆದು.